ಹಿತ್ತಲಿನ ಎರಡು ಮಡಿಯಲ್ಲಿ ಮೆಣಸಿನಕಾಯಿ: ಮೇ ತಿಂಗಳಿಂದ ಜನವರಿವರೆಗೆ

ಧಾರವಾಡದ ನಮ್ಮ ಹಿತ್ತಲಿನಲ್ಲಿ ಈ ಸಲ ಮೂರು ಥರದ ಮೆಣಸಿನಕಾಯಿ ಹಾಕಿದ್ದೆ. ಬ್ಯಾಡಗಿ ಕಡ್ಡಿ, ಜ್ವಾಲಾ, ಆಮೇಲೆ ದೊಣ್ಣೆ ಮೆಣಸಿನಕಾಯಿ. ಎರಡು ಮಡಿ, ಒಟ್ಟು 32 ಗಿಡ. ಕಡ್ಡಿ ಚೆನ್ನಾಗಿ ಬಂತು, ಜ್ವಾಲಾ ಬೇಕಾದ್ದಕ್ಕಿಂತ ಜಾಸ್ತಿಯೇ ಬಂತು, ದೊಣ್ಣೆ ಕೈಕೊಟ್ಟಿತು. ಮನೆಯಲ್ಲಿ ಮೆಣಸಿನಗಿಡ ಹಾಕಿದವರನ್ನು ಕೇಳಿ ನೋಡಿ, ಎಲ್ಲರದೂ ಒಂದೇ ದೂರು: ಗಿಡ ಚೆನ್ನಾಗಿತ್ತು, ಆಮೇಲೆ ಎಲೆ ಮುದುಡಿತು, ಅಲ್ಲಿಗೆ ಮುಗೀತು. ಅದಕ್ಕೇ ಇಲ್ಲಿ ಸೆಪ್ಟೆಂಬರ್ ಭಾಗ ಉದ್ದವಾಗಿದೆ. ಮುದುಡಿದ ಎಲೆಯನ್ನು ತಿರುಗಿಸಿ ನೋಡದೆ ಏನನ್ನೂ ಸಿಂಪಡಿಸಬೇಡಿ. ನಾನು ಹೇಳಬೇಕಾದ ಮುಖ್ಯ ಮಾತು ಅದೇ.

1. ಮೇ ಕೊನೆ: ಮಡಿ

ನಮ್ಮದು ಎರೆ ಮಣ್ಣು. ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಮೆಣಸಿನಗಿಡಕ್ಕೆ ತೇವ ಬೇಕು, ಆದರೆ ಬೇರಿನ ಹತ್ತಿರ ನೀರು ನಿಂತರೆ ಬೇಗನೇ ಜೋತು ಬೀಳುತ್ತದೆ. ಎದುರು ಮನೆಯ ಕಾಕಾ ಬಹಳ ವರ್ಷ ಹೊಲದಲ್ಲಿ ಮೆಣಸಿನಕಾಯಿ ಬೆಳೆದವರು. "ಬುಡಕ್ಕ ನೀರು ನಿಂತ್ರ ಮುಗೀತು ನೋಡವಾ, ಮ್ಯಾಲೆ ಏನು ಹೊಡದ್ರೂ ಗಿಡ ಏಳಂಗಿಲ್ಲ" ಅಂದರು. ಹಾಗಾಗಿ ಏರು ಮಡಿಯೇ ಮಾಡಬೇಕು ಅಂತ ತೀರ್ಮಾನಿಸಿದೆ.

ಒಂದೊಂದು ಮಡಿ 12 ಅಡಿ ಉದ್ದ, 4 ಅಡಿ ಅಗಲ, ಒಂದು ಅಡಿ ಎತ್ತರ. ನಡುವೆ ಒಂದೂವರೆ ಅಡಿ ಓಡಾಡುವ ದಾರಿ. ಆ ದಾರಿಯ ಮತ್ತು ಸುತ್ತಲಿನ ಮಣ್ಣನ್ನೇ ಅಗೆದು ಮಡಿಯ ಮೇಲೆ ಏರಿಸಿದೆ, ಹೊರಗಿಂದ ಮಣ್ಣು ತರಿಸಲಿಲ್ಲ. ದಾರಿ ತಗ್ಗಾಯಿತು, ಮಳೆನೀರು ಅದರಲ್ಲೇ ಹರಿದು ಹೋಗುತ್ತದೆ. ಗುದ್ದಲಿ, ಸಲಿಕೆ, ಎರಡು ಬುಟ್ಟಿ, ಇಷ್ಟೇ ಸಾಮಾನು.

ಪ್ರತಿ ಮಡಿಗೆ ಆರು ಚೀಲ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಚೀಲ ಭತ್ತದ ಹೊಟ್ಟು. ಗೊಬ್ಬರ ಚೀಲಕ್ಕೆ 80 ರೂಪಾಯಿ, ಹೊಟ್ಟು 40. ಗೊಬ್ಬರ ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಮತ್ತು ಬಿಳಿ ಗೊಣ್ಣೆ ಹುಳು ಜೊತೆಗೇ ಬರುತ್ತವೆ. ಎರೆ ಮಣ್ಣಿಗೆ ಒಂದೆರಡು ಬುಟ್ಟಿ ಮರಳು ಹಾಕಿ ಅಂತ ಹೇಳುವವರು ಬಹಳ ಜನ ಇದ್ದಾರೆ. ಅಷ್ಟು ಸ್ವಲ್ಪ ಮರಳು ಹಾಕಿದರೆ ಒಣಗಿದ ಮೇಲೆ ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಹೊಟ್ಟು, ಗೊಬ್ಬರ, ಒಣ ಎಲೆ, ಇವೇ ಎರೆ ಮಣ್ಣನ್ನು ಸಡಿಲ ಮಾಡೋದು.

ನಾಟಿಗೆ ಹದಿನೈದು ದಿನ ಮುಂಚೆ ಮಡಿಗೆ ಎರಡು ಕೆಜಿಯಂತೆ ಬೇವಿನ ಹಿಂಡಿ ಪುಡಿ ಮಾಡಿ ಮಣ್ಣಲ್ಲಿ ಬೆರೆಸಿದೆ. ನಾಟಿಯ ದಿನವೇ ಕುಣಿಗೆ ಹಿಂಡಿ ಹಾಕುವುದು ಬೇಡ. ಅದು ಮಣ್ಣಲ್ಲಿ ಕೊಳೆಯುವಾಗ ಬಿಸಿ ಹುಟ್ಟುತ್ತದೆ, ಎಳೆ ಬೇರಿಗೆ ಒಳ್ಳೆಯದಲ್ಲ.

ಜೂನ್ ಮೊದಲ ಮಳೆಗೆ ಮಡಿಗಳ ಪಡುವಣ ಬದಿಗೆ ಎರಡು ಸಾಲು ಗೋವಿನಜೋಳ ಹಾಕಿದೆ. ಬ್ಯಾಡಗಿ ಕಡೆ ಹೊಲದ ಸುತ್ತ ಹೀಗೆ ಹಾಕುವುದುಂಟು. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಅದರ ಜೊತೆ ಬರುವ ಸಣ್ಣ ಸಣ್ಣ ಹುಳಗಳಿಗೆ ಈ ಸಾಲು ಅಡ್ಡವಾಗುತ್ತದೆ. ಸೆಪ್ಟೆಂಬರಲ್ಲಿ ತೆನೆ ಸುಟ್ಟು ತಿಂದೆವು, ದಂಟನ್ನು ಮಾತ್ರ ಕೀಳದೆ ಹಾಗೇ ಬಿಟ್ಟೆ. ಚೆಂಡು ಹೂವನ್ನು ಬೇಕಂತಲೇ ಹತ್ತಿರ ಹಾಕಲಿಲ್ಲ. ಎಲ್ಲರೂ ಹಾಕಿ ಅಂತಾರೆ, ಆದರೆ ಥ್ರಿಪ್ಸ್, ಅಂದರೆ ರಸ ಹೀರಿ ಎಲೆ ಮುದುಡಿಸುವ ಸಣ್ಣ ಹುಳ, ಚೆಂಡು ಹೂವಿನೊಳಗೂ ಸುಖವಾಗಿ ಇರುತ್ತದೆ.

2. ಜೂನ್: ಬೀಜ, ಸಸಿ

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಥರ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳು, ಬೀಜ ಕಡಿಮೆ. ಖಾರ ಕಮ್ಮಿ, ಬಣ್ಣ ಗಾಢ ಕೆಂಪು, ಒಣಗಿದರೆ ಮೈಯೆಲ್ಲ ಸುಕ್ಕು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಬ್ಯಾಡಗಿ ಇರುವ ಹಾವೇರಿ ಜಿಲ್ಲೆ ನಮಗೆ ದೂರವೇನಲ್ಲ, ಹವೆಯೂ ಸುಮಾರು ಒಂದೇ, ಅದಕ್ಕೆ ಧೈರ್ಯ ಮಾಡಿದ್ದು.

ಮೊದಲು ಅಡುಗೆಮನೆ ಡಬ್ಬದಲ್ಲಿದ್ದ ಒಣ ಮೆಣಸಿನಕಾಯಿಯ ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಪರೀಕ್ಷೆ ಮಾಡಿದೆ. 20 ಬೀಜದಲ್ಲಿ ಮೊಳೆತದ್ದು ಮೂರು. ಆ ಕಾಯಿ ಎಷ್ಟು ಹಳೆಯದು, ಎಷ್ಟು ದಿನ ಕೋಲ್ಡ್ ಸ್ಟೋರೇಜ್‌ನಲ್ಲಿತ್ತು ಅಂತ ಗೊತ್ತಾಗೋದೇ ಇಲ್ಲ. ಆಮೇಲೆ ಪರಿಚಯದ ರೈತರೊಬ್ಬರ ಹೊಲದ, ಅದೇ ವರ್ಷದ ಕಡ್ಡಿ ಬೀಜ ತಂದೆ. ಅದು 20ರಲ್ಲಿ 17 ಮೊಳೆಯಿತು. ಈ ಒದ್ದೆ ಬಟ್ಟೆಯ ಪರೀಕ್ಷೆ ಖಂಡಿತ ಮಾಡಿ, ಖರ್ಚಿಲ್ಲ. ಜ್ವಾಲಾ ಪ್ಯಾಕೆಟ್ 40 ರೂಪಾಯಿ, ದೊಣ್ಣೆ 60.

98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ) ಎರಡು, ಒಂದಕ್ಕೆ 25 ರೂಪಾಯಿ. 5 ಕೆಜಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಇಟ್ಟಿಗೆ, 200. ಇಟ್ಟಿಗೆಯನ್ನು ನೆನೆಸಿ, ನೀರು ಚೆಲ್ಲಿ, ಮತ್ತೆ ನೆನೆಸಿ ಚೆಲ್ಲಬೇಕು, ಇಲ್ಲದಿದ್ದರೆ ಅದರಲ್ಲಿರುವ ಉಪ್ಪು ಸಸಿಗೆ ತೊಂದರೆ. ಮೂರು ಪಾಲು ಕೋಕೋಪೀಟ್, ಒಂದು ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ. ಗುಳಿಗೆ ಒಂದು ಬೀಜ, ಅರ್ಧ ಸೆಂಟಿಮೀಟರ್ ಆಳ, ಮೇಲೆ ತೆಳುವಾಗಿ ಪುಡಿ. ಮೊಳಕೆ ಕಾಣುವವರೆಗೆ ಟ್ರೇ ಮೇಲೆ ಪ್ಲಾಸ್ಟಿಕ್ ಹಾಳೆ. ಕಂಡ ದಿನವೇ ಹಾಳೆ ತೆಗೆಯಬೇಕು. ಜ್ವಾಲಾ, ಕಡ್ಡಿ ಒಂದು ವಾರ ಕಳೆದ ಮೇಲೆ ತಲೆ ಎತ್ತಿದವು, ದೊಣ್ಣೆ ಅದಕ್ಕಿಂತ ನಿಧಾನ.

ಮೊದಲ ಟ್ರೇಯಲ್ಲಿ ಅರ್ಧಕ್ಕರ್ಧ ಸಸಿ ಹೋಯಿತು. ಜಿಟಿ ಜಿಟಿ ಮಳೆ, ಮೋಡ, ಅದರ ಜೊತೆ ದಿನಕ್ಕೆರಡು ಸಲ ನೀರು. ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಣ್ಣಗಾಗಿ, ಬೆಳಿಗ್ಗೆ ನೋಡಿದರೆ ಮಲಗಿರುತ್ತಿತ್ತು. ಇದು ಸಸಿ ಕೊಳೆ ರೋಗ. ಬಂದ ಮೇಲೆ ಆ ಸಸಿಗೆ ಮದ್ದಿಲ್ಲ. ಎರಡನೇ ಟ್ರೇ ತುಂಬುವಾಗ ಮಿಶ್ರಣಕ್ಕೇ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದೆ, ಟ್ರೇಯನ್ನು ಇಟ್ಟಿಗೆ ಮೇಲೆ ಎತ್ತರಿಸಿ ಇಟ್ಟೆ, ಗುಳಿಯ ಮೇಲ್ಪದರ ಒಣಗಿದ ಬಣ್ಣಕ್ಕೆ ತಿರುಗಿದ ಮೇಲೆ ಮಾತ್ರ ನೀರು, ಅದೂ ಟ್ರೇಯನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಳಗಿನಿಂದ. ಆಮೇಲೆ ಬಿದ್ದದ್ದು ನಾಲ್ಕೈದು ಸಸಿ ಅಷ್ಟೆ.

ಇನ್ನೊಂದು ಖರ್ಚು, ಇದನ್ನು ಉಳಿಸಲು ಹೋಗಬೇಡಿ: 50 ಮೆಶ್ (ಇಂಚಿಗೆ 50 ಕಣ್ಣಿನ) ನೈಲಾನ್ ಬಲೆ, 4 ಮೀಟರ್, 280 ರೂಪಾಯಿ. ಬಿದಿರಿನ ಸೀಳು ಬಗ್ಗಿಸಿ ಟ್ರೇ ಮೇಲೆ ಗುಡಾರ ಮಾಡಿ, ಅಂಚಿಗೆಲ್ಲ ಕಲ್ಲು ಹೇರಿದೆ. ಎಲೆ ಮುಟುರು ವೈರಸ್ಸನ್ನು ತರುವುದು ಬಿಳಿ ನೊಣ. ಸಸಿ ಇದ್ದಾಗಲೇ ಅದು ತಗುಲಿದರೆ ನೀವು ಮಡಿಗೆ ನೆಡುವುದೇ ರೋಗದ ಗಿಡವನ್ನು. ಈ ಬಲೆ ಥ್ರಿಪ್ಸನ್ನು ಪೂರ್ತಿ ತಡೆಯುವುದಿಲ್ಲ, ಅದು ಅಷ್ಟು ಸಣ್ಣದು. ಬಿಳಿ ನೊಣವನ್ನಂತೂ ತಡೆಯುತ್ತದೆ.

3. ಜುಲೈ ಕೊನೆ: ನಾಟಿ

ಸಸಿ ಗೇಣುದ್ದ ಆಗಿ ಐದಾರು ನಿಜವಾದ ಎಲೆ ಬಂದಾಗ ನಾಟಿ. ಅದಕ್ಕೆ ಒಂದು ವಾರ ಮುಂಚೆ ನೀರು ಕಡಿಮೆ ಮಾಡಿ, ಟ್ರೇಯನ್ನು ಬಯಲಿಗೆ ತಂದು ಬಿಸಿಲು ರೂಢಿ ಮಾಡಿಸಿದೆ. ಸಾಲಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಮಡಿಗೆ ಎರಡು ಸಾಲು, ಸಾಲಿಗೆ ಎಂಟು. ಮೊದಲ ಮಡಿ ಪೂರ್ತಿ ಕಡ್ಡಿ 16, ಎರಡನೆಯದರಲ್ಲಿ ಜ್ವಾಲಾ 10, ದೊಣ್ಣೆ 6. ಸಸಿ ಇದ್ದಾಗ ಒಂದೂವರೆ ಅಡಿ ಅಂದರೆ ಮಡಿ ಖಾಲಿ ಖಾಲಿ ಕಾಣುತ್ತದೆ, ನಡುವೆ ಇನ್ನೊಂದು ತೂರಿಸೋಣ ಅನ್ನಿಸುತ್ತದೆ. ಬೇಡ. ಅಕ್ಟೋಬರಿಗೆ ರೆಂಬೆಗೆ ರೆಂಬೆ ತಾಗಿ ಗಾಳಿಯಾಡುವುದಿಲ್ಲ, ಎಲೆಯಡಿ ಕೈ ಹಾಕಿ ನೋಡಲೂ ಆಗುವುದಿಲ್ಲ.

ಮೋಡವಿದ್ದ ಸಂಜೆ ನೆಟ್ಟೆ. ಕುಣಿಗೆ ಎರಡು ಹಿಡಿ ಎರೆಹುಳು ಗೊಬ್ಬರ. ಟೊಮೆಟೊ ಥರ ಕಾಂಡವನ್ನು ಆಳಕ್ಕೆ ಹೂಳಲಿಲ್ಲ, ಟ್ರೇಯಲ್ಲಿ ಎಷ್ಟು ಆಳವಿತ್ತೋ ಅಷ್ಟೇ. ಮಳೆಗಾಲದ ಎರೆ ಮಣ್ಣಲ್ಲಿ ಕಾಂಡ ಹೂತರೆ ಬುಡ ಕೊಳೆಯುವ ಭಯ.

4. ಆಗಸ್ಟ್: ಮಳೆ

ಈ ತಿಂಗಳು ಮಾಡಲು ಜಾಸ್ತಿ ಇರಲಿಲ್ಲ. ದಾರಿಯಲ್ಲಿ ಹೂಳು ತುಂಬಿದಾಗಲೆಲ್ಲ ಸಲಿಕೆಯಿಂದ ಎತ್ತಿದೆ. ಬುಡಕ್ಕೆ ಮಣ್ಣು ಏರಿಸಿ, ನುಗ್ಗೆ ಮರದ ರೆಂಬೆಗಳನ್ನೇ ಕಡಿದು ಊರುಗೋಲು ಕೊಟ್ಟೆ. ಆ ಗೂಟಗಳಲ್ಲಿ ಕೆಲವು ಚಿಗುರಿದವು, ಕಿತ್ತು ಬೇರೆ ಕಡೆ ಹಾಕಬೇಕಾಯಿತು, ಹಾಗಾಗಿ ಒಣಗಿದ ಕೋಲೇ ಒಳ್ಳೆಯದು. ಜ್ವಾಲಾ ಗಿಡಗಳ ತುದಿಯನ್ನು ಒಂದು ಅಡಿ ಎತ್ತರದಲ್ಲಿ ಚಿವುಟಿದೆ, ಪಕ್ಕದ ರೆಂಬೆ ಚೆನ್ನಾಗಿ ಒಡೆಯಿತು. ಕಡ್ಡಿ ತಾನೇ ಹರಡುತ್ತದೆ, ಅದನ್ನು ಮುಟ್ಟಲಿಲ್ಲ. ದೊಣ್ಣೆಯಲ್ಲಿ ಮೊದಲು ಕವಲೊಡೆಯುವ ಜಾಗದಲ್ಲಿ ಬರುವ ಹೂವನ್ನು ಕಿತ್ತೆ, ಗಿಡ ಮೊದಲು ಬೆಳೆಯಲಿ ಅಂತ.

ಪುಕ್ಕಟೆಯಾಗಿ ಸಿಕ್ಕಿತು ಅಂತ ನಾಲ್ಕು ಕಡ್ಡಿ ಗಿಡಗಳಿಗೆ ಗೋಮೂತ್ರ ನೀರಲ್ಲಿ ಬೆರೆಸಿ ವಾರಕ್ಕೆರಡು ಸಲ ಹಾಕಿದ್ದೆ. ಆ ನಾಲ್ಕೂ ಕಡುಹಸಿರಾಗಿ, ಮೆತ್ತಗೆ, ಎಲ್ಲಕ್ಕಿಂತ ಎತ್ತರ ಬೆಳೆದವು. ನೋಡೋಕೆ ಚಂದ. ಸೆಪ್ಟೆಂಬರಿನಲ್ಲಿ ಥ್ರಿಪ್ಸ್ ಮೊದಲು ಹತ್ತಿದ್ದು ಆ ನಾಲ್ಕಕ್ಕೇ.

5. ಸೆಪ್ಟೆಂಬರ್: ಎಲೆ ಮುದುಡಿದ್ದು

ಮಳೆ ಬಿಟ್ಟು ಒಂದು ವಾರ ಒಣ ಬಿಸಿಲು ಬಂತು. ಅಷ್ಟು ಸಾಕು. ಜೋರು ಮಳೆ ಥ್ರಿಪ್ಸನ್ನು ತೊಳೆದು ಹಾಕುತ್ತದೆ, ಒಣ ಬಿಸಿಲು ಅದಕ್ಕೆ ಹಬ್ಬ. ತುದಿಯ ಎಲೆಗಳು ಮುದುಡಲು ಶುರುವಾದವು.

ನಮ್ಮಲ್ಲಿ ಎಲೆ ಮುದುಡಿದರೆ ಎಲ್ಲದಕ್ಕೂ ಮುಟುರು ಅಂತಲೇ ಕರೆಯುತ್ತಾರೆ. ಅಂಗಡಿಗೆ ಹೋಗಿ ಹಾಗಂದರೆ ಒಂದು ಬಾಟಲಿ ಕೊಡುತ್ತಾರೆ. ನಿಜಕ್ಕೂ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ, ಮೂರಕ್ಕೂ ಮಾಡಬೇಕಾದ್ದು ಬೇರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್ 120 ರೂಪಾಯಿಗೆ ತಂದಿದ್ದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಥರ ಕಂಡರೆ ಥ್ರಿಪ್ಸ್. ರೆಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿಂದ ತಟ್ಟಿದರೆ ಗೆರೆಯಷ್ಟು ಸಣ್ಣ ಹುಳಗಳು ಉದುರಿ ಓಡಾಡುತ್ತವೆ, ಉದ್ದ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಹಳದಿ ಬಣ್ಣದ್ದು ಮೊದಲಿನಿಂದ ಇತ್ತು. 2021ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳನ್ನು ಹಾಳು ಮಾಡಿದ ಕಪ್ಪು ಥ್ರಿಪ್ಸ್ ಬೇರೆ, ಅದು ಹೂವಿನೊಳಗೆ ಗುಂಪಾಗಿ ಕೂರುತ್ತದೆ. ಹಾಗಾಗಿ ಹೂವನ್ನೂ ಕಾಗದದ ಮೇಲೆ ಕೊಡವಿ ನೋಡಬೇಕು.

ಎಲೆ ಕೆಳಮುಖವಾಗಿ ಮುದುಡಿ, ಕಿರಿದಾಗಿ, ತೊಟ್ಟು ಉದ್ದವಾಗಿ, ಬಣ್ಣ ಕಡುಹಸಿರಾದರೆ ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಲೆನ್ಸ್ ಹಿಡಿದು ತುದಿಯ ಎಳೆ ಎಲೆಯ ಕೆಳಭಾಗ ನೋಡಿದರೆ ಹೊಳೆಯುವ ಬಿಳಿ ಚುಕ್ಕಿಗಳು ನಿಧಾನ ಸರಿಯುತ್ತಿರುತ್ತವೆ.

ಮೂರನೆಯದು ವೈರಸ್. ಎಲೆಗಳು ಸಣ್ಣಗಾಗಿ ಗೊಂಚಲು ಗೊಂಚಲಾಗುತ್ತವೆ, ನರಗಳ ನಡುವೆ ಹಳದಿ ತಿರುಗುತ್ತದೆ, ಗಿಣ್ಣುಗಳು ಹತ್ತಿರ ಹತ್ತಿರವಾಗಿ ಗಿಡ ಕುಳ್ಳಾಗುತ್ತದೆ. ಲೆನ್ಸ್ ಹಿಡಿದಾಗ ಎಲೆಯಡಿ ಥ್ರಿಪ್ಸ್, ನುಸಿ ಕಾಣದಿದ್ದರೂ ಹೀಗಾಗುತ್ತದೆ.

ನನ್ನ ಮಡಿಯಲ್ಲಿ ಮೂರೂ ಇದ್ದವು. ಎರಡು ಕಡ್ಡಿ, ಒಂದು ಜ್ವಾಲಾ ವೈರಸ್ಸಿನವು. ಆ ಮೂರನ್ನೂ ಅದೇ ದಿನ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟು ಒಣಗಿದ ಮೇಲೆ ಸುಟ್ಟೆ. ಕೀಳಲು ಮನಸ್ಸು ಬರೋದಿಲ್ಲ, ಒಂದರಲ್ಲಿ ಮೊಗ್ಗು ಕೂಡ ಇತ್ತು. ಆದರೆ ವೈರಸ್ ಹೊಕ್ಕ ಗಿಡ ಯಾವ ಔಷಧಕ್ಕೂ ಸರಿಹೋಗುವುದಿಲ್ಲ. ಅದು ನಿಂತಷ್ಟು ದಿನ ಬಿಳಿ ನೊಣ ಅದರ ರಸ ಹೀರಿ ಪಕ್ಕದ ಗಿಡಕ್ಕೆ ದಾಟಿಸುತ್ತಲೇ ಇರುತ್ತದೆ.

ಥ್ರಿಪ್ಸ್ ಇದ್ದ ಗಿಡಗಳಿಗೆ ಮೊದಲು ಪೈಪಿನ ಬಾಯಿಗೆ ಬೆರಳು ಒತ್ತಿ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹೊಡೆದೆ, ಬೆಳಗಿನ ಹೊತ್ತು. ಮಾರನೇ ದಿನ ಸಂಜೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಅರ್ಧ ಚಮಚ ಸೋಪಿನ ದ್ರವ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ತೇಲುತ್ತದೆ. ಮೊದಲು ಎಣ್ಣೆ ಮತ್ತು ಸೋಪನ್ನು ಬಟ್ಟಲಲ್ಲಿ ಬಿಳಿಯಾಗುವವರೆಗೆ ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪ ನೀರು ಸೇರಿಸಬೇಕು. ಕಲಸಿದ್ದನ್ನು ನಾಳೆಗೆ ಇಡುವಂತಿಲ್ಲ. ಸಿಂಪಡಿಸುವುದು ಸಂಜೆಯೇ, ಜೇನುನೊಣಗಳು ಹೋದ ಮೇಲೆ, ಎಲೆಯ ಕೆಳಗೆ ಜಾಸ್ತಿ. ವಾರಕ್ಕೊಂದು ಸಲದಂತೆ ಮೂರು ವಾರ. ಒಂದೇ ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಮತ್ತು ಮಣ್ಣಿಂದ ಮತ್ತೆ ಬರುತ್ತವೆ. ಜೊತೆಗೆ ನೀಲಿ ಅಂಟು ಹಾಳೆ ಮೂರು, ಹಳದಿ ಮೂರು, ಒಂದಕ್ಕೆ 20 ರೂಪಾಯಿ. ನೀಲಿ ಥ್ರಿಪ್ಸಿಗೆ, ಹಳದಿ ಬಿಳಿ ನೊಣಕ್ಕೆ. ಹಾಳೆಯಿಂದ ಹುಳ ಮುಗಿಯುತ್ತದೆ ಅಂದುಕೊಳ್ಳಬೇಡಿ. ಯಾವ ವಾರ ಜಾಸ್ತಿಯಾಯಿತು ಅಂತ ತಿಳಿಯಲು ಅದು.

ಮೈಟ್ ಹತ್ತಿದ್ದ ಆರು ಗಿಡಗಳಿಗೆ ಬೇವಿನ ಎಣ್ಣೆ ಹಾಕಲಿಲ್ಲ. ವೆಟ್ಟಬಲ್ ಸಲ್ಫರ್, ಅಂದರೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಲೀಟರಿಗೆ 3 ಗ್ರಾಂ. ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರದೊಳಗೆ ಗಂಧಕ ಹಾಕಿದರೆ ಎಲೆ ಸುಡುತ್ತದೆ, ಸುಡುಬಿಸಿಲಿನ ದಿನ ಹಾಕಿದರೂ ಅಷ್ಟೇ. ಥ್ರಿಪ್ಸೋ ನುಸಿಯೋ ಅಂತ ಮೊದಲು ನೋಡಿ ಅಂದದ್ದು ಇದಕ್ಕೇ. ಎಲ್ಲದಕ್ಕೂ ಎಣ್ಣೆ ಹೊಡೆದುಬಿಟ್ಟರೆ ಆಮೇಲೆ ಗಂಧಕ ಬಳಸುವ ದಾರಿ ಮುಚ್ಚಿಹೋಗುತ್ತದೆ.

ಎರಡು ಗಿಡಕ್ಕೆ ಹುಳಿ ಮಜ್ಜಿಗೆ ಪ್ರಯತ್ನ ಮಾಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದ ಕಷಾಯ ಒಂದು ಗಿಡಕ್ಕೆ ಹಾಕಿದರೆ ಎಳೆ ಎಲೆಯ ಅಂಚು ಕಂದಿತು, ಥ್ರಿಪ್ಸ್ ಹಾಗೇ ಇತ್ತು.

ಗುಣವಾಯಿತೋ ಇಲ್ಲವೋ ಅಂತ ತಿಳಿಯೋದು ಹೊಸ ಚಿಗುರಿನಿಂದ. ಮುದುಡಿದ ಹಳೆಯ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಅದನ್ನೇ ನೋಡುತ್ತಾ ಇನ್ನೂ ಸರಿಹೋಗಿಲ್ಲ ಅಂತ ಮತ್ತೆ ಮತ್ತೆ ಹೊಡೆಯುವವರು ಬಹಳ ಜನ. ಅಕ್ಟೋಬರ್ ಮೊದಲ ವಾರ 29 ಗಿಡಗಳಲ್ಲಿ 27ರ ಚಿಗುರು ಅಗಲವಾಗಿ, ಚಪ್ಪಟೆಯಾಗಿ ಬಂತು. ಆ ದಿನ ನನಗಾದ ಖುಷಿ ಮೊದಲ ಕಾಯಿ ಕಿತ್ತಾಗಲೂ ಆಗಿರಲಿಲ್ಲ.

6. ಅಕ್ಟೋಬರ್, ನವೆಂಬರ್: ಕಾಯಿ

ಮಳೆ ನಿಂತ ಮೇಲೆ ಮಡಿಗೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹೊದಿಸಿದೆ. ಎರೆ ಮಣ್ಣು ಬಿರುಕು ಬಿಟ್ಟರೆ ಬೇರು ಹರಿಯುತ್ತದೆ, ಹುಲ್ಲಿದ್ದರೆ ಬಿರುಕು ಬಿಡುವುದಿಲ್ಲ. ನೀರು ಮೂರು ದಿನಕ್ಕೊಮ್ಮೆ, ಬುಡಕ್ಕೆ ಮಾತ್ರ. ತಿಂಗಳಿಗೊಮ್ಮೆ ಶೇಂಗಾ ಹಿಂಡಿ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಗಿಡಕ್ಕೆ ಅರ್ಧ ಲೀಟರ್. ಶೇಂಗಾ ಹಿಂಡಿ ಮನೆಯಲ್ಲೇ ಇತ್ತು.

ಜ್ವಾಲಾ ಹಸಿಕಾಯಿ ವಾರಕ್ಕೆ ಅರ್ಧ ಕೆಜಿಗೆ ಕಡಿಮೆಯಾಗಲಿಲ್ಲ. ಕಿತ್ತಷ್ಟೂ ಹೂ ಬಿಡುತ್ತದೆ, ಕಾಯಿ ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಹೂ ಕಡಿಮೆಯಾಗುತ್ತದೆ. ಕೀಳುವಾಗ ಎಳೆಯಬೇಡಿ, ರೆಂಬೆ ಗಿಣ್ಣಿನಲ್ಲೇ ಮುರಿಯುತ್ತದೆ. ತೊಟ್ಟು ಹಿಡಿದು ಮೇಲಕ್ಕೆ ಎತ್ತಿದರೆ ತಾನೇ ಬಿಡುತ್ತದೆ. ಉಳಿದದ್ದನ್ನು ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಬಾಳಕ ಮಾಡಿಟ್ಟಿದ್ದೇವೆ.

ದೊಣ್ಣೆ ಬಗ್ಗೆ ನೇರವಾಗಿ ಹೇಳುತ್ತೇನೆ. ಆರು ಗಿಡದಿಂದ ಸಿಕ್ಕಿದ್ದು ಎರಡು ಕೆಜಿಯೂ ಇಲ್ಲ. ಬಿಸಿಲೇರಿದ ದಿನ ಹೂ ಉದುರಿತು. ಕಟ್ಟಿದ ಕಾಯಿಗಳ ಮೈಮೇಲೆ ಥ್ರಿಪ್ಸ್ ಕೆರೆದ ಕಂದು ಗೆರೆ. ಕೆಲವು ಕಾಯಿಯ ತುದಿ ಕಪ್ಪಾಗಿ ಚರ್ಮದಂತೆ ಒಣಗಿತು. ಅದು ಒಂದು ವಾರ ಊರಿಗೆ ಹೋಗಿ ನೀರು ತಪ್ಪಿದಾಗ ಆದದ್ದು. ನೀರು ಏರುಪೇರಾದರೆ ಮಣ್ಣಲ್ಲಿ ಸುಣ್ಣದಂಶ ಇದ್ದರೂ ಕಾಯಿಯ ತುದಿಯವರೆಗೆ ಹೋಗುವುದಿಲ್ಲ. ದೊಣ್ಣೆಯನ್ನು ನೆರಳು ಬಲೆಯಿಲ್ಲದೆ ಬಯಲಲ್ಲಿ ಹಾಕುವುದು ನಮ್ಮ ಕಡೆ ದಂಡ.

7. ಡಿಸೆಂಬರ್, ಜನವರಿ: ಕೆಂಪಾದದ್ದು

ಕಡ್ಡಿ ಡಿಸೆಂಬರಲ್ಲಿ ಕೆಂಪಾಗತೊಡಗಿತು. ಕೆಂಪಾದ ತಕ್ಷಣ ಕೀಳದೆ, ಕಾಯಿ ಗಿಡದಲ್ಲೇ ಮೆತ್ತಗಾಗಿ ಸುಕ್ಕು ಕಾಣುವವರೆಗೆ ಬಿಟ್ಟೆ, ಬಣ್ಣ ಪೂರ್ತಿ ಏರುವುದು ಆಗಲೇ. ಅಷ್ಟರಲ್ಲಿ ಗಿಳಿಗಳು, ಪಿಕಳಾರಗಳು ಬಂದವು. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ. ಸಸಿಗೆ ತಂದಿದ್ದ ನೈಲಾನ್ ಬಲೆ ಈಗ ಗಿಡಗಳ ಮೇಲೆ ಬಂತು.

14 ಗಿಡದಿಂದ ಸುಮಾರು 6 ಕೆಜಿ ಹಣ್ಣು ಸಿಕ್ಕಿತು. 2 ಕೆಜಿ ರಂಜಕಕ್ಕೆ ಹೋಯಿತು: ಬೆಳ್ಳುಳ್ಳಿ, ಉಪ್ಪು, ಜೀರಿಗೆ, ಹುರಿದ ಮೆಂತ್ಯ, ನಿಂಬೆರಸ, ಕಲ್ಲಲ್ಲಿ ಅರೆದದ್ದು. ಉಳಿದ 4 ಕೆಜಿ ತಾರಸಿಯಲ್ಲಿ ತಾಡಪಾಲಿನ ಮೇಲೆ ಒಂದೇ ಪದರವಾಗಿ ಹರಡಿ ಒಣಗಿಸಿದೆ. ಸಂಜೆ ಗುಡ್ಡೆ ಮಾಡಿ ಮುಚ್ಚಲೇಬೇಕು. ಒಂದು ರಾತ್ರಿ ಇಬ್ಬನಿಯಲ್ಲಿ ನೆನೆದ ಕಾಲು ಕೆಜಿಯಷ್ಟು ಕಾಯಿ ಬೆಳ್ಳಗೆ ಬಣ್ಣ ಬಿಟ್ಟು, ಒಳಗೆ ಬೂಸು ಹಿಡಿಯಿತು, ಅದನ್ನೆಲ್ಲ ಎಸೆದೆ. ಕಾಯಿ ಅಲ್ಲಾಡಿಸಿದರೆ ಬೀಜದ ಸದ್ದು ಕೇಳಬೇಕು, ಬಗ್ಗಿಸಿದರೆ ಪುಡಿಯಾಗಬಾರದು, ಅದು ಹದ. ಕೊನೆಗೆ ಒಂದು ಕೆಜಿಯ ಹತ್ತಿರ ಒಣ ಕಡ್ಡಿ.

ಎಲ್ಲ ಸೇರಿ ಖರ್ಚು ಮೂರು ಸಾವಿರದ ಹತ್ತಿರ. ಅದರಲ್ಲಿ ಸಾವಿರದ ನೂರರಷ್ಟು ಗೊಬ್ಬರ ಮತ್ತು ಹೊಟ್ಟಿನದೇ. ಬಲೆ, ಟ್ರೇ, ಲೆನ್ಸ್ ಮುಂದಿನ ವರ್ಷಕ್ಕೂ ಆಗುತ್ತವೆ. ಪೇಟೆಯ ದರಕ್ಕೆ ಹೋಲಿಸಿದರೆ ಮೊದಲ ವರ್ಷ ಲಾಭ ಅಂತ ಹೇಳಲಾರೆ.

ಬೀಜಕ್ಕೆ ಅಂತ ಕಡ್ಡಿ ಮಡಿಯ ಆಚೆ ತುದಿಯ ಎರಡು ಒಳ್ಳೆಯ ಗಿಡಗಳಲ್ಲಿ, ಹೂ ಅರಳುವ ಮುಂಚೆಯೇ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿದ್ದೆ. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ದಾರ. ಮೆಣಸಿನಕಾಯಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ಆದರೆ ಪಕ್ಕದ ಮಡಿಯ ಜ್ವಾಲಾದ ಪರಾಗವನ್ನು ಜೇನುನೊಣ ತಂದುಬಿಟ್ಟರೆ ಮುಂದಿನ ವರ್ಷ ಕಡ್ಡಿಗೆ ಬೇರೆಯೇ ಖಾರ ಬರುತ್ತದೆ.

ಈಗ ಕಡ್ಡಿ ಗಿಡ ಕಿತ್ತಾಯಿತು. ಆ ಮಡಿಗೆ ಟೊಮೆಟೊ, ಬದನೆ ಹಾಕುವುದಿಲ್ಲ, ಮೆಣಸಿನಗಿಡದ್ದೇ ಕುಟುಂಬದ ಗಿಡಗಳು, ಅದೇ ರೋಗ ಮುಂದುವರಿಯುತ್ತದೆ. ಮೆಂತ್ಯ ಚೆಲ್ಲಿದ್ದೇನೆ. ಜ್ವಾಲಾದ ಒಂಬತ್ತು ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು ಬಿಟ್ಟಿದ್ದೇನೆ. ಏಳರಲ್ಲಿ ಚಿಗುರು ಬಂದಿದೆ. ನಿನ್ನೆ ಲೆನ್ಸ್ ಹಿಡಿದು ನೋಡಿದೆ, ಒಂದರಲ್ಲಿ ಥ್ರಿಪ್ಸ್ ಇದೆ, ಇವತ್ತು ಸಂಜೆ ಬೇವಿನ ಎಣ್ಣೆ ಕಲಸಬೇಕು.